ಎರಡು ಲಿವರ್, ಒಂದು ಪಗಾರ

ಸಂಡೂರು ತಾಲೂಕಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ೧೯೮೬ರ ಶ್ರಾವಣದ ಒಂದು ಸೋಮವಾರಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಅಂದು ಬೆಳಿಗ್ಗೆ ಹೊಸಪೇಟೆಯ ಬಸ್ಸಿನಲ್ಲಿ ಎರಡು ಲಿವರ್‌ಗಳು ಬಂದಿಳಿದವು. ಎರಡೂ ಪ್ಲಾಸ್ಟರಿನವು. ಒಂದು ಆರೋಗ್ಯವಂತನದು, ಕೆಂಪಗೆ ನುಣ್ಣಗೆ ಇತ್ತು. ಇನ್ನೊಂದು ಕುಡುಕನದು, ಕಪ್ಪಗೆ ಗಂಟುಗಂಟಾಗಿತ್ತು. ಇವಕ್ಕೆ ಲಗೇಜು ಟಿಕೆಟ್ಟು ಹರಿಯಬೇಕೋ ಬೇಡವೋ ಎಂದು ಘಾಟು ಹತ್ತುವವರೆಗೂ ಯೋಚಿಸಿದ ಕಂಡಕ್ಟರು, ಕೊನೆಗೆ ನೆಲದ ಮೇಲಿಟ್ಟರೆ ಲಗೇಜು, ತೊಡೆಯ ಮೇಲಿದ್ದರೆ ಮಗು ಎಂದು ತೀರ್ಪು ಕೊಟ್ಟ. ಹೀಗಾಗಿ ಉಚ್ಚೆಂಗಪ್ಪ ಎರಡನ್ನೂ ಅವಳಿ ಮಕ್ಕಳಂತೆ ತೊಡೆಯ ಮೇಲೆ ಕೂರಿಸಿಕೊಂಡೇ ಸಂಡೂರು ತಲುಪಿದ.

ಉಚ್ಚೆಂಗಪ್ಪ ಎಮ್ಮಿಗನೂರಿನವನು. ಕಾಲುವೆ ಬಂದ ಮೇಲೆ ಎರಡು ಬೆಳೆ ಕಾಣುತ್ತಿದ್ದ ಮನೆ. ಅಣ್ಣಂದಿರು ಭತ್ತದ ಗದ್ದೆಯಲ್ಲಿದ್ದರು. ತಾನು ಮಾತ್ರ ಕೆಸರಿಗೆ ಇಳಿಯುವವನಲ್ಲ ಎಂದು ಊರಿಗೆಲ್ಲ ಸಾರಿ, ಧಾರವಾಡಕ್ಕೆ ಹೋಗಿ ಸಮಾಜಕಾರ್ಯ ಓದಿಕೊಂಡು ಬಂದಿದ್ದ. ಹೊಸಪೇಟೆಯಲ್ಲಿ ನಿವೃತ್ತ ಡಾಕ್ಟರ್ ವಿರುಪಾಕ್ಷಪ್ಪನವರು ನಡೆಸುತ್ತಿದ್ದ ಒಂದು ಸಂಸ್ಥೆ ಅವನಿಗೆ ಕೆಲಸ ಕೊಟ್ಟಿತು. ಹುದ್ದೆಯ ಹೆಸರು ವ್ಯಸನ ತಡೆ ಕಾರ್ಯಕರ್ತ. ಮೂರು ತಿಂಗಳು ಪರೀಕ್ಷೆಯ ಕಾಲ.

"ಕುಡಿತ ಬಿಡಿಸೋರು ನಮ್ಮಲ್ಲಿ ಬ್ಯಾರೆ ಅದಾರಪ್ಪ," ಎಂದಿದ್ದರು ಡಾಕ್ಟರು. "ನಿನ್ನ ಕೆಲ್ಸ ಶುರುನ ಆಗದಂಗ ನೋಡ್ಕಳದು. ಮೂರು ತಿಂಗಳಿಗೆ ಬರ್ತೀನಿ. ನಿನ್ನಿಂದ ಶುರು ಮಾಡದೆ ಉಳಿದವ್ನು ಒಬ್ಬನ್ನ ತೋರ್ಸು, ಕೆಲ್ಸ ಖಾಯಂ. ಇಲ್ಲಾಂದ್ರ ಊರಾಗ ಕಾಲುವಿ ನೀರು ಐತಿ, ಗದ್ದಿ ಐತಿ."

ಉಚ್ಚೆಂಗಪ್ಪ ಉತ್ಸಾಹದಿಂದ ಒಪ್ಪಿಕೊಂಡ. ನಡೆಯದೆ ಹೋದ ಸಂಗತಿಯನ್ನು ತೋರಿಸುವುದು ಹೇಗೆ ಎಂಬ ಪ್ರಶ್ನೆ ಅವನಿಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಅವನ ಮೊದಲ ಭಾಷಣ ಗುಡ್ಡದ ಮೇಲಿನ ಗಣಿಯ ಕ್ಯಾಂಪಿನಲ್ಲಿ, ಬೇವಿನ ಮರದ ಕೆಳಗೆ. ಅದಿರು ಒಡೆಯುವ ಗ್ಯಾಂಗಿನವರು ಕೈಕಾಲು ತೊಳೆದು ಬಂದು ಕುಳಿತರು. ಗ್ಯಾಂಗಿನ ಮೇಸ್ತ್ರಿ ಎರ್ರಿಯಪ್ಪ ಭಾಷಣಕ್ಕೆ ಕಾಯದೆ ಕೆಂಪು ಲಿವರನ್ನು ಕೈಗೆತ್ತಿಕೊಂಡು, ಉಗುರಿನಿಂದ ಕೆರೆದು ನೋಡಿದ.

"ಕಬ್ಬಿಣ. ಗ್ರೇಡ್ ಅಷ್ಟಕ್ಕಷ್ಟ," ಎಂದು ಕೆಳಗಿಟ್ಟ. ಆಮೇಲೆ ಕಪ್ಪನ್ನು ಎತ್ತಿಕೊಂಡ. ಮುಖ ಅರಳಿತು. "ಇದು ನೋಡ್ರಿ ಮಾಲು. ಮ್ಯಾಂಗನೀಸ್. ಯಾವ ಗುಡ್ಡದ್ರಿ ಇದು?"

"ಅದಿರಲ್ರಿ ಮೇಸ್ತ್ರಿ, ಮನುಷ್ಯಾನ ಲಿವರ್. ಕೆಂಪಂದು ಕುಡೀದವಂದು. ಕುಡೀತಾ ಕುಡೀತಾ ಹಿಂಗ ಕಪ್ಪಾಕ್ಕತಿ."

"ಅಂದ್ರ ಕುಡಿದ್ರ ಕಬ್ಬಿಣ ಹೋಗಿ ಮ್ಯಾಂಗನೀಸ್ ಆಕ್ಕತಿ."

"ಹೂಂ. ಅಲ್ಲ. ಹಂಗಲ್ಲ."

ಎರ್ರಿಯಪ್ಪ ಗ್ಯಾಂಗಿನ ಕಡೆ ತಿರುಗಿದ. "ಕೇಳಿದ್ರೇನಲೇ? ಎರಡ್ರಾಗ ಯಾವ್ದಕ್ಕ ರೇಟ್ ಜಾಸ್ತಿ?"

"ಮ್ಯಾಂಗನೀಸಿಗೆ," ಎಂದಿತು ಗ್ಯಾಂಗು, ಒಂದೇ ದನಿಯಲ್ಲಿ.

ಅಂದು ಸಂಜೆ ಸಾರಾಯಿ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿ ನಡೆಯಿತೆಂದು ವರದಿ.

ಮಾರನೆಯ ದಿನ ಕ್ಯಾಂಪಿನ ಬಾಗಿಲಲ್ಲಿ ಮಿರ್ಚಿ ಕರಿಯುವ ಸುಂಕಮ್ಮ ತನ್ನ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. "ಇವನ್ನ ಬಿಡಸ್ರಿ, ಸಾರ್."

"ನಾನು ಬಿಡಿಸೋನಲ್ಲಕ್ಕ. ಶುರು ಆಗದಂಗ ನೋಡೋನು."

ಸುಂಕಮ್ಮ ಗಂಡನನ್ನೂ ಅವನನ್ನೂ ಒಮ್ಮೆ ನೋಡಿದಳು. "ಹಂಗಾರ ಮೂವತ್ತು ವರ್ಷ ಲೇಟಾಗಿ ಬಂದ್ರಲ್ರಿ," ಎಂದು ಗಂಡನನ್ನು ವಾಪಸು ಕರೆದೊಯ್ದಳು. ಲಿವರ್ ಎರಡೂ ಮಂಚದ ಕೆಳಗೆ ಸೇರಿದವು.

ಆಮೇಲೆ ಉಚ್ಚೆಂಗಪ್ಪ ಭಾಷಣ ಬಿಟ್ಟು ಮಂದಿಯ ಜೊತೆ ಕುಳಿತುಕೊಳ್ಳತೊಡಗಿದ. ಯಾಕೆ ಕುಡಿಯುತ್ತೀರಿ ಎಂದು ಕೇಳಿದರೆ ಮೈನೋವು, ದೂಳು, ಹೆಂಡತಿ, ಸರ್ಕಾರ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಮೊದಲ ಸಲ ಕುಡಿದದ್ದು ಯಾವಾಗ ಎಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಮೊದಲ ಪಗಾರದ ದಿನ. ಹೊಸಬ ಪಗಾರ ತಂದು ಗ್ಯಾಂಗಿಗೆಲ್ಲ ಸಾರಾಯಿ ಕೊಡಿಸಬೇಕು. ಮೊದಲ ಗ್ಲಾಸನ್ನು ಮೇಸ್ತ್ರಿ ಅವನ ಕೈಗೇ ಕೊಡುತ್ತಾನೆ. ಇದಕ್ಕೆ ಬಾಯಿ ತೆರೆಸುವುದು ಎನ್ನುತ್ತಿದ್ದರು. ಕ್ಯಾಂಪಿನಲ್ಲಿ ಯಾರೂ ತಾನಾಗಿ ಶುರು ಮಾಡಿದವರಲ್ಲ. ಎಲ್ಲರನ್ನೂ ಮರ್ಯಾದೆಯಿಂದ ಶುರು ಮಾಡಿಸಲಾಗಿತ್ತು.

ಆ ತಿಂಗಳ ಹೊಸಬ ಮರಿಯಮ್ಮನಹಳ್ಳಿಯ ಮೂಕಪ್ಪ. ಹೆಸರಿಗೆ ವಿರುದ್ಧವಾಗಿ ಭಾರೀ ಮಾತುಗಾರ. ಈ ವಿಷಯದಲ್ಲಿ ಮಾತ್ರ ಅವನ ದನಿ ಇಳಿಯಿತು. "ನನಗ ಅದರ ವಾಸ್ನಿನ ಆಗಂಗಿಲ್ಲ ಸಾರ್. ಆದ್ರ ಒಲ್ಲೆ ಅಂದ್ರ ನಾಳಿಂದ ನನ್ನ ಅದಿರಿನ ಬುಟ್ಟಿಗೆ ಯಾರು ಕೈ ಹಚ್ತಾರ? ಒಬ್ಬನ ಎತ್ಕಂತ ಸಾಯಬೇಕು."

ಉಚ್ಚೆಂಗಪ್ಪನಿಗೆ ತೋರಿಸಬೇಕಾದ ಮನುಷ್ಯ ಸಿಕ್ಕಿದ. ಉಳಿಸುವ ದಾರಿ ಸಿಕ್ಕಿರಲಿಲ್ಲ.

ಪಗಾರದ ದಿನ ಬಂತು. ಬೇವಿನ ಮರದ ಕೆಳಗೆ ಗ್ಯಾಂಗು ಕೂಡಿತು. ಎರ್ರಿಯಪ್ಪ ಮೀಸೆ ಒರೆಸಿಕೊಂಡು, ಮೂಕಪ್ಪನನ್ನು ಬಿಟ್ಟು ಉಚ್ಚೆಂಗಪ್ಪನ ಕಡೆ ನೋಡಿದ.

"ಸಾಹೇಬ್ರದೂ ಹೊಸ ಪಗಾರ ಅಂತ. ಬರ್ರಿ, ಕುಂದ್ರಿ. ಮೊದ್ಲು ನಿಮ್ಮ ಬಾಯಿ ತೆರೆಸಾನ."

ಗ್ಯಾಂಗಿನವರು ಸಂತೋಷದಿಂದ ಜಾಗ ಮಾಡಿಕೊಟ್ಟರು. ಒಲ್ಲೆ ಎಂದರೆ ಅವರ ಪಾಲಿಗೆ ಅವನು ಮತ್ತೆ ಭಾಷಣದವನೇ. ಹೂಂ ಎಂದರೆ ನೇರ ಎಮ್ಮಿಗನೂರಿನ ಕೆಸರು. ಉಚ್ಚೆಂಗಪ್ಪ ಕುಳಿತುಕೊಂಡ.

"ಆಗ್ಲಿ ಮೇಸ್ತ್ರಿ. ಪದ್ಧತಿ ಪ್ರಕಾರನ ಆಗ್ಲಿ. ಏನೇನು ಆಗಬೇಕು, ನೀವ ಹೇಳ್ರಿ."

ಶಾಸ್ತ್ರ ಹೇಳುವ ಅವಕಾಶ ಎರ್ರಿಯಪ್ಪನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವನು ಬೆರಳು ಮಡಿಚಿದ. "ಹೊಸಬ ಎಲ್ಲರಿಗೂ ಕೊಡಿಸ್ಬೇಕು. ಗಂಟ್ಲು ಉರೀಬೇಕು. ಕಣ್ಣಾಗ ನೀರು ಬರ್ಬೇಕು. ಮಂದಿ ನೋಡಿ ನಗಬೇಕು. ಇಷ್ಟ."

"ಸಾರಾಯಿನ ಆಗ್ಬೇಕಂತ ಐತೇನು?"

ಎರ್ರಿಯಪ್ಪ ಯೋಚಿಸಿದ. "ಅದನ್ನ ಇಲ್ಲಿತನ ಯಾರೂ ಕೇಳಿಲ್ಲ."

ಉಚ್ಚೆಂಗಪ್ಪ ಎದ್ದು ಸುಂಕಮ್ಮನ ಒಲೆಯ ಹತ್ತಿರ ಹೋದ. "ಅಕ್ಕಾ, ಗ್ಯಾಂಗಿಗೆಲ್ಲ ಮಂಡಕ್ಕಿ, ಮಿರ್ಚಿ. ಉದ್ದ ಮೆಣಸಿನಕಾಯಿ ಬ್ಯಾಡ. ಖಾರದ್ದು ಐತಲ್ಲ, ಗಿಡ್ಡಂದು, ಅದನ್ನ ಹಾಕು."

"ಇವ್ರ ಬಾಯಿ ತೆರೆಸಾಕ ನಾನೂ ಭಾಳ ದಿನದಿಂದ ಕಾಯಾಕತ್ತೀನಿ," ಎಂದು ಸುಂಕಮ್ಮ ಹಿಟ್ಟಿಗೂ ಒಂದು ಹಿಡಿ ಖಾರದ ಪುಡಿ ಸುರಿದಳು.

ಪದ್ಧತಿಯಂತೆ ಮೊದಲನೆಯದನ್ನು ಮೇಸ್ತ್ರಿ ಹೊಸಬನಿಗೆ ಕೊಟ್ಟ. ಉಚ್ಚೆಂಗಪ್ಪ ಅಗಿದ, ಕಿವಿಯಿಂದ ಹೊಗೆ ಬಂದಂತಾಯಿತು. ಗ್ಯಾಂಗು ತೃಪ್ತಿಯಿಂದ ನಕ್ಕಿತು. ಎಂಥ ಸಾರಾಯಿಯನ್ನೂ ಕಣ್ಣು ಮಿಟುಕಿಸದೆ ಇಳಿಸುವವನೆಂದು ಹೆಸರಾಗಿದ್ದ ಎರ್ರಿಯಪ್ಪ ತಾನೂ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಅವನ ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಮೀಸೆಗೆ ನೀರು ಹರಿಯಿತು.

"ಮೇಸ್ತ್ರಿ ಅಳಾಕತ್ಯಾನ ನೋಡ್ರಲೇ," ಎಂದ ಒಬ್ಬ.

"ದೂಳು ಬಿತ್ತಲೇ," ಎಂದ ಎರ್ರಿಯಪ್ಪ, ನೀರಿನ ತಂಬಿಗೆಗೆ ತಡಕಾಡುತ್ತ. ಬೇವಿನ ಮರದ ಕಾಗೆಗಳು ಎದ್ದು ಹಾರುವಂತೆ ಗ್ಯಾಂಗು ನಕ್ಕಿತು.

ಆ ನಗು ಇಳಿಯುವ ಮುಂಚೆ ಮೂಕಪ್ಪ ಎದ್ದು ನಿಂತ. "ಮೇಸ್ತ್ರಿ, ನನ್ನ ಪಗಾರದ್ದೂ ಇದ ಆಗ್ಲಿ."

"ಲೇ, ಇದು ಸಾಹೇಬ್ರದು, ಲೆಕ್ಕಕ್ಕಿಲ್ಲ," ಎಂದರು ಯಾರೋ.

ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಎರ್ರಿಯಪ್ಪ ಮೀಸೆಯನ್ನು ಟವೆಲಿನಿಂದ ಒರೆಸಿ, ಗಂಭೀರವಾಗಿ ಹೇಳಿದ: "ಲೆಕ್ಕಕ್ಕಿಲ್ಲಾಂದ್ರ ನಾನು ಇಷ್ಟು ಮಂದಿ ಮುಂದ ಪುಗಸಟ್ಟೆ ಅತ್ತಂಗ ಆತಲ್ಲ. ಲೆಕ್ಕಕ್ಕೈತಿ. ಸುಂಕಮ್ಮ, ಇನ್ನೊಂದು ಬಾಣ್ಲಿ ಹಾಕವ್ವ."

ಹಳೆಯ ಕುಡುಕರು ಮಿರ್ಚಿ ಮುಗಿಸಿಕೊಂಡು ಎಂದಿನಂತೆ ಸಾರಾಯಿ ಅಂಗಡಿಗೆ ಹೋದರು. ಅದು ಉಚ್ಚೆಂಗಪ್ಪನ ಇಲಾಖೆಯಲ್ಲ. ಮೂಕಪ್ಪ ಅವರ ಜೊತೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅವನ ಬುಟ್ಟಿಗೆ ಮೊದಲು ಕೈ ಹಚ್ಚಿದವನು ಎರ್ರಿಯಪ್ಪನೇ.

ಹೇಳಿದಂತೆ ಮೂರು ತಿಂಗಳಿಗೆ ಡಾಕ್ಟರು ಬಂದರು. ಮಂಚದ ಕೆಳಗಿದ್ದ ಕಪ್ಪು ಲಿವರನ್ನು ಸುಂಕಮ್ಮ ಕೇಳಿ ಒಯ್ದು, ಅಂಗಡಿಯಲ್ಲಿ ಮಿರ್ಚಿ ಕಟ್ಟುವ ಕಾಗದ ಹಾರದಂತೆ ಇಟ್ಟುಕೊಂಡಿದ್ದು ಅವರ ಕಣ್ಣಿಗೆ ಬಿತ್ತು. ಅದನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟರು.

"ಎಲ್ಲಪ್ಪ ನಿನ್ನ ಮನುಷ್ಯ?"

ಉಚ್ಚೆಂಗಪ್ಪ ಮೂಕಪ್ಪನನ್ನು ಮುಂದೆ ನಿಲ್ಲಿಸಿದ. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇವ ಕುಡ್ಯಂಗಿಲ್ಲ, ಸರಿ. ನೀನು ಬರ್ಲಿಲ್ಲಾಂದ್ರೂ ಕುಡೀತಿರ್ಲಿಲ್ಲೇನೋ. ಯಾರಿಗೆ ಗೊತ್ತು?"

ಉಚ್ಚೆಂಗಪ್ಪನಿಗೆ ಎಮ್ಮಿಗನೂರು ಕಣ್ಣ ಮುಂದೆ ಬಂತು. ಕೆಸರು ಕಾಲಿಗೆ ತಾಕಿದಂತಾಯಿತು.

"ನನಗ ಗೊತ್ರಿ," ಎಂದು ಎರ್ರಿಯಪ್ಪ ಹಿಂದಿನಿಂದ ಬಂದ. ಅವನದು ಸ್ವಲ್ಪ ಅವಮಾನವಾದವನ ದನಿ. "ಈ ಕ್ಯಾಂಪಿನಾಗ ಎಲ್ಲರಿಗೂ ಮೊದಲ್ನೇ ಗ್ಲಾಸ್ ಕೊಟ್ಟವ ನಾನ. ಒಬ್ಬನೂ ತಪ್ಪಿಸ್ಕಂಡಿಲ್ಲ, ಬೇಕಾದ್ರ ಕೇಳ್ರಿ. ಇವಂದೂ ತಯಾರಿತ್ತು, ಗ್ಲಾಸ್ ತೊಳೆದು ಇಟ್ಟಿದ್ದೆ. ಈ ಸಾಹೇಬ್ರು ಬಂದು ಕೆಡಿಸಿದ್ರು."

ಡಾಕ್ಟರು ಒಂದು ಮಿರ್ಚಿ ತರಿಸಿಕೊಂಡು ತಿಂದರು, ನೀರು ಕುಡಿದರು, ಕಣ್ಣೊರೆಸಿಕೊಂಡು ಹೊಸಪೇಟೆಯ ಬಸ್ಸು ಹತ್ತಿದರು.

ಮುಂದಿನ ತಿಂಗಳಿಂದ ಉಚ್ಚೆಂಗಪ್ಪನ ಕೆಲಸ ಖಾಯಂ ಆಯಿತು.