ಸಂಜೆಯವರೆಗೆ ಉಳಿಯುವ ಘಮ

"ಕಣ್ಣು ಮುಚ್ಕೊಳ್ಳಿ," ಎಂದಳು ಹೆಂಡತಿ.

ಬೈಂಡರ್ ಆಗಷ್ಟೇ ಪುಸ್ತಕ ಹೊಲಿಯುವ ಅಂಗಡಿಯಿಂದ ಬಂದಿದ್ದ, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಇದೇನು ಹೊಸ ಆಟ ಅನ್ನಿಸಿತು. ಆದರೆ ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಎಲ್ಲಿ ವಾದಕ್ಕೆ ಇಳಿಯಬಾರದು ಅನ್ನುವಷ್ಟು ಬುದ್ಧಿ ಇದ್ದೇ ಇರುತ್ತದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಅವಳು ತನ್ನ ಮಣಿಕಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅದೇನೂ ಹೊಸದಲ್ಲ, ಎರಡು ವರ್ಷದಿಂದ ಆ ಮನೆಯಲ್ಲಿ ನಡೆದುಬಂದದ್ದೇ.

"ಇದೆಯಾ?"

ಅವನು ಎಂದಿನಂತೆ ಎದೆ ತುಂಬ ಉಸಿರೆಳೆದುಕೊಂಡ, ಎಂದಿನಂತೆ ಸ್ವಲ್ಪ ಹೊತ್ತು ತಡೆದ.

"ಇದೆ," ಎಂದ. "ಅವಳದ್ದೇ."

"ಅದು ಸೀಮೆಎಣ್ಣೆ ಕಣ್ರೀ," ಎಂದಳು ಅವಳು.

ಮಗಳಿದ್ದಾಗ ಅಡುಗೆಮನೆಯ ಹಿಂದಿನ ಸಣ್ಣ ಕೋಣೆ ಅವಳ ಸೋಪಿನ ಕಾರ್ಖಾನೆಯಾಗಿತ್ತು. ಕಾರ್ಖಾನೆ ಅನ್ನುವುದು ಅಪ್ಪ ತಮಾಷೆಗೆ ಇಟ್ಟ ಹೆಸರು. ಇದ್ದದ್ದು ಒಂದು ತಕ್ಕಡಿ, ಎರಡು ಸ್ಟೀಲ್ ಪಾತ್ರೆ, ಅಪ್ಪನೇ ದಪ್ಪ ರಟ್ಟು ಕತ್ತರಿಸಿ ಅಂಟಿಸಿಕೊಟ್ಟ ಅಚ್ಚಿನ ಪೆಟ್ಟಿಗೆಗಳು, ಅಷ್ಟೆ. ಅಂಗಡಿಯ ಸೋಪು ಬಚ್ಚಲಲ್ಲಿ ಘಮಘಮ ಎಂದು ಮೆರೆದು ಟವೆಲಿಗೇ ಒರೆಸಿಹೋಗುತ್ತದೆ. ಅವಳದ್ದು ಹಾಗಲ್ಲ, ಬೆಳಗ್ಗೆ ತೊಳೆದ ಕೈಯಲ್ಲಿ ಸಂಜೆಯವರೆಗೂ ಇರುತ್ತಿತ್ತು. ಕಿತ್ತಳೆ ಸಿಪ್ಪೆ, ಲವಂಗ, ಒಣಗಿದ ಮರ, ಜೊತೆಗೆ ಇನ್ನೇನೋ ಒಂದು. ಆ ಇನ್ನೇನೋ ಯಾವುದು ಎಂದು ತಾಯಿ ಕೇಳಿದರೆ, "ಅದು ಕಂಪನಿ ಗುಟ್ಟಮ್ಮ, ಹೊರಗಿನವರಿಗೆಲ್ಲ ಹೇಳಲ್ಲ," ಎಂದು ಹೆತ್ತವಳನ್ನೇ ಹೊರಗಿನವಳು ಮಾಡಿ ನಗುತ್ತಿದ್ದಳು. ಮನೆಯಲ್ಲಿದ್ದವರು ಮೂರೇ ಜನ, ಅದರಲ್ಲೂ ಇಂಥ ಜಗಳ.

ಆಮೇಲೆ ಒಂದು ವಾರ ಅಪ್ಪ ಮಗಳು ಇಬ್ಬರೂ ಜ್ವರ ಬಂದು ಮಲಗಿದರು. ಅಪ್ಪ ಎದ್ದ.

ಮಗಳು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಕೊಬ್ಬರಿ ಎಣ್ಣೆ ಎಷ್ಟು ಗ್ರಾಂ, ಹರಳೆಣ್ಣೆ ಎಷ್ಟು, ಕಾಸ್ಟಿಕ್ ಸೋಡಾ ಎಷ್ಟು, ನೀರು ಎಷ್ಟು, ಎಷ್ಟು ಗಟ್ಟಿಯಾದ ಮೇಲೆ ಅಚ್ಚಿಗೆ ಸುರಿಯಬೇಕು, ಎಲ್ಲ. ಘಮದ ಎದುರಿಗೆ ಮಾತ್ರ ಒಂದೇ ಒಂದು ಪದ: ಅಂದಾಜು. ತಾಯಿ ಆ ಪುಟವನ್ನು ಎಷ್ಟು ಸಲ ನೋಡಿದಳೋ ಏನೋ, ಮೂಲೆ ಕಿತ್ತುಬಂದು ಬೈಂಡರ್ ಹಿಂಬದಿಯಿಂದ ತೆಳು ಕಾಗದ ಅಂಟಿಸಿಕೊಡಬೇಕಾಯಿತು.

ಸೋಪು ಮಾಡುವವರಿಗೆ ಒಂದು ಶಾಪ ಇದೆ. ದಿನವಿಡೀ ಆ ಘಮದಲ್ಲೇ ಇದ್ದು ಅವರ ಮೂಗು ಜಡವಾಗಿಬಿಡುತ್ತದೆ, ತಮ್ಮ ಕೈಯಲ್ಲಿ ಏನು ಉಳಿದಿದೆಯೆಂದು ತಮಗೇ ತಿಳಿಯುವುದಿಲ್ಲ. ಬೇರೆಯವರ ಮೂಗು ಬೇಕು. ಮಗಳ ಕೈಯ ಘಮ ಬಲ್ಲ ಇನ್ನೊಂದು ಮೂಗು ಲೋಕದಲ್ಲಿ ಇದ್ದದ್ದು ಒಂದೇ. ಹಾಗಾಗಿ ತಾಯಿ ಒಂದೊಂದು ಸಲ ಒಂದೊಂದು ಬೆರಕೆ ಮಾಡಿ, ಸೋಪನ್ನು ಕತ್ತರಿಸಿ, ನಾಲ್ಕು ವಾರ ಹಲಗೆಯ ಮೇಲೆ ಒಣಗಿಸಿ, ಬೆಳಗ್ಗೆ ಏಳಕ್ಕೆ ಕೈ ತೊಳೆದು, ಸಂಜೆ ಆರಕ್ಕೆ ಗಂಡನ ಮುಂದೆ ಹಿಡಿಯುತ್ತಿದ್ದಳು. ಹದಿನಾರು ಸಲ ಅವನು ಇಲ್ಲ ಎಂದ. ಹದಿನೇಳನೆಯ ಸಲ, "ಇದೇ" ಎಂದ. ಅವತ್ತು ಅವಳು ನಲ್ಲಿ ತಿರುಗಿಸಿಟ್ಟು, ನೀರು ಬೀಳುವ ಸದ್ದಿನಲ್ಲಿ ಮನಸಾರೆ ಅತ್ತಳು. ಹಳೆಯ ಹದಿನಾರನ್ನೂ ಅವರಿವರಿಗೆ ಹಂಚಿದಳು. ಅವುಗಳ ಬೆರಕೆ ಬರೆದಿಟ್ಟಿದ್ದ ಪುಟಗಳ ಮೇಲೆ ಅಡ್ಡಗೆರೆ ಎಳೆದಳು. ಅಲ್ಲಿಂದ ಎಂಟು ತಿಂಗಳು ಅದೊಂದೇ ಸೋಪು. ಪ್ರತಿ ಸಲ ಹೊಸದು ಒಣಗಿದಾಗಲೂ ಅವಳು ಕೈ ಮುಂದೆ ಹಿಡಿಯುವುದು, ಅವನು "ಇದೆ" ಎನ್ನುವುದು. ತನಗೆ ಏನೂ ತಿಳಿಯದಿದ್ದರೂ ಮಧ್ಯಾಹ್ನ ಮಲಗುವಾಗ ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಳ್ಳುವಳು. ಗಂಡ ಹೇಳಿದ್ದನಲ್ಲ, ಅಷ್ಟು ಸಾಕಿತ್ತು.

ಅದಕ್ಕೆ ಇವತ್ತು ಬೆಳಗ್ಗೆ ಮೇಲಿನ ಮನೆಯ ಟೀಚರಮ್ಮ ಮೆಟ್ಟಿಲಲ್ಲಿ ನಿಲ್ಲಿಸಿ, ನೀನು ಈ ಸಲ ಕೊಟ್ಟ ಸೋಪಿಗೆ ಘಮವೇ ಇಲ್ಲವಲ್ಲಮ್ಮ, ಹಾಕಲು ಮರೆತೆಯಾ ಎಂದಾಗ ಇವಳಿಗೆ ಸಿಟ್ಟು ನೆತ್ತಿಗೇರಿತ್ತು. ನಿನ್ನೆ ಸಂಜೆ ತಾನೇ ಗಂಡ ಇದೆ ಎಂದಿದ್ದಾನೆ; ವಯಸ್ಸಾದವರ ಮೂಗು, ಪಾಪ, ಎಂದುಕೊಂಡೇ ಒಳಗೆ ಬಂದಳು. ಹಿಟ್ಟಿನ ಡಬ್ಬ ಸರಿಸಿದಾಗ ಅದರ ಹಿಂದೆ ಸಿಕ್ಕಿತು, ಆ ಸಲಕ್ಕೆಂದು ಬೆರೆಸಿಟ್ಟ ಘಮದೆಣ್ಣೆಯ ಸೀಸೆ. ಕುತ್ತಿಗೆಯವರೆಗೂ ತುಂಬಿತ್ತು. ಹಾಲು ಉಕ್ಕಿ ಸೀದುಹೋದರೂ ಇವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತದ್ದು, ಅಂಗಡಿಯಲ್ಲಿ ಅಂಟು ಕೊಳೆತು ನಾರಿದರೂ ಇವನಿಗೆ ಗೊತ್ತಾಗಲಿಲ್ಲವೆಂದು ಜೊತೆಯವರು ನಕ್ಕದ್ದು, ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು.

ಬೈಂಡರ್ ಕಣ್ಣು ತೆರೆದು ಅವಳ ಮಣಿಕಟ್ಟನ್ನೇ ನೋಡುತ್ತ ಕೂತ.

"ಯಾವಾಗಿಂದ?"

"ಆ ಜ್ವರ ಬಿಟ್ಟಾಗಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಮಗಳು ಹೋದ ಮನೇಲಿ, ನನ್ನ ಮೂಗು ಹೋಯ್ತು ಅಂತ ಯಾವ ಬಾಯಲ್ಲಿ ಹೇಳಲಿ?" ಎಂದ ಅವನು. ಮೊದಮೊದಲು ಇಲ್ಲ ಅಂದುಬಿಡುವುದು ಸುಲಭವಾಗಿತ್ತು, ಇವತ್ತಲ್ಲ ನಾಳೆ ಅವಳೇ ಕೈಬಿಡುತ್ತಾಳೆ ಅಂದುಕೊಂಡಿದ್ದ. ಅವಳು ಬಿಡಲಿಲ್ಲ. ಹದಿನೇಳನೆಯ ಸಲ ಅವಳ ಮುಖ ನೋಡಿ ಇನ್ನೊಂದು ಇಲ್ಲ ಎನ್ನಲು ಆಗಲಿಲ್ಲ. ಇಷ್ಟನ್ನೂ ಅವನು ನೆಲ ನೋಡುತ್ತಲೇ ಹೇಳಿದ.

ಅವಳು ಬೈಯಬಹುದೆಂದು ಕಾದ. ಬೈದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

"ಹೌದು ಅಂದಿದ್ದು ಹೋಗಲಿ ಬಿಡಿ," ಎಂದಳು ಅವಳು. "ಹದಿನಾರು ಸಲ ಇಲ್ಲ ಅಂದ್ರಲ್ಲ. ಅದರಲ್ಲಿ ಅವಳದ್ದು ಯಾವುದಿತ್ತು?"

ಬೈಂಡರ್ ಬಗ್ಗಿ, ಆಗ ತಾನೇ ನೆನಪಾದವನಂತೆ ಚಪ್ಪಲಿ ಬಿಚ್ಚತೊಡಗಿದ.

ಮರುದಿನ ಅವಳು ಸೋಪಿನ ಕೋಣೆಗೆ ಬೀಗ ಹಾಕಿದಳು. ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕ್ಕೊಳ್ಳಿ ಇಷ್ಟೇ ಮಾತು ಉಳಿಯಿತು. ಬೈಂಡರ್ ಅಂಗಡಿಯಲ್ಲಿ ಒಂದು ಪುಸ್ತಕದ ಪುಟಗಳನ್ನು ತಲೆಕೆಳಗು ಹೊಲಿದು ಎಲ್ಲವನ್ನೂ ಬಿಚ್ಚಬೇಕಾಯಿತು. ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಮೆಟ್ಟಿಲು ಗುಡಿಸುತ್ತಿದ್ದಾಗ ಅವಳಿಗೆ ಟೀಚರಮ್ಮನ ಮನೆಯ ಕಾಫಿಯ ವಾಸನೆ ಸಿಕ್ಕಿತು. ಕಸಬರಿಗೆ ಹಿಡಿದುಕೊಂಡೇ ನಿಂತಳು. ಎರಡು ವರ್ಷದಿಂದ ಆ ಮೆಟ್ಟಿಲಲ್ಲಿ ಅವಳಿಗೆ ಕಾಫಿಯ ವಾಸನೆ ಬಂದಿರಲಿಲ್ಲ.

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಅವಳು ಬೀರುವಿನ ಒಳಗಿಂದ ಒಂದು ಚಿಕ್ಕ ಡಬ್ಬಿ ತಂದಳು. ಅದರಲ್ಲಿದ್ದದ್ದು ಮಗಳು ಕೊನೆಗೆ ಬಳಸಿ ಬಚ್ಚಲಲ್ಲಿ ಬಿಟ್ಟಿದ್ದ ಸೋಪಿನ ಚೂರು. ಉಗುರಿನಷ್ಟಿತ್ತು, ಒಂದು ಕೈ ತೊಳೆದರೆ ಮುಗಿಯಿತು. ಅದಕ್ಕೇ ಇಷ್ಟು ದಿನ ಮುಟ್ಟಿರಲಿಲ್ಲ.

"ಬಲಗೈ ಕೊಡಿ," ಎಂದಳು. "ಅವಳ ಕೈ ನಿಮ್ಮ ಕೈಯ ಹಾಗೇ ಇತ್ತು."

ಬಚ್ಚಲ ನಲ್ಲಿಯ ಕೆಳಗೆ ಅವನ ಕೈ ಹಿಡಿದು, ಮಗುವಿಗೆ ತೊಳೆದ ಹಾಗೆ ಬೆರಳ ಸಂದು ಸಂದಿಗೂ ತಿಕ್ಕಿದಳು. ಚೂರು ಮೊದಲು ನೊರೆ ಬಿಡಲಿಲ್ಲ. ಆಮೇಲೆ ಒಮ್ಮೆಲೇ ಬಿಟ್ಟಿತು, ಮತ್ತೆ ಇಲ್ಲವಾಯಿತು. ಒರೆಸಿ ಮೂಗಿನ ಹತ್ತಿರ ತಂದಳು. ಬಂತು. ಕಿತ್ತಳೆ, ಲವಂಗ, ಮರ, ಆ ಇನ್ನೇನೋ. ಹಿಂದಿನಿಂದ ಬಂದು ಹೆಗಲ ಮೇಲೆ ಗಲ್ಲ ಊರುತ್ತಿದ್ದ ಮಗಳು ಹಾಗೇ ಬಂದು ನಿಂತಳು. ತಾಯಿ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. ಬೈಂಡರ್ ಕೈಯನ್ನು ಅವಳ ಮುಖದ ಮುಂದೆಯೇ ಹಿಡಿದು ನಿಂತಿದ್ದ.

ಆ ದಿನ ಅವನು ಬಲಗೈಯಲ್ಲಿ ಏನನ್ನೂ ಮುಟ್ಟಲಿಲ್ಲ. ಪೇಪರನ್ನೂ ಎಡಗೈಯಲ್ಲೇ ಮಗುಚಿದ. ಅವಳು ಒಂಬತ್ತಕ್ಕೆ ಬಂದು ನೋಡಿದಳು, ಇತ್ತು. ಹತ್ತೂವರೆಗೆ ಕಿತ್ತಳೆ ಹೋಗಿತ್ತು. ಹನ್ನೆರಡಕ್ಕೆ ಬೆರಳ ಸಂದಿಯಲ್ಲಿ ಹುಡುಕಬೇಕಾಯಿತು. ಮೂರಕ್ಕೆ ಬಂದು, ಅಂಗೈಯಲ್ಲಿ ಮುಖವಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದಳು. ಹಳೆಯ ಕಾಗದ, ಅಂಟು, ಗಂಡನ ಕೈ, ಅಷ್ಟೇ ಇತ್ತು. ಎರಡು ವರ್ಷ ಡಬ್ಬಿಯಲ್ಲಿ ಕೂತ ಸೋಪಿಗೆ ಅದಕ್ಕಿಂತ ಹೆಚ್ಚು ಶಕ್ತಿ ಎಲ್ಲಿಂದ ಬರಬೇಕು? ಅವಳು ಒಳಗೆ ಹೋಗಿ ಒಣಗಿದ ಬಟ್ಟೆ ಮಡಚಿದಳು.

ಆರು ಗಂಟೆಗೆ ಬೈಂಡರ್ ತಾನಾಗಿಯೇ ಅಡುಗೆಮನೆಯ ಬಾಗಿಲಿಗೆ ಬಂದು ಕೈ ಚಾಚಿದ.

"ಇದೆಯಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಅವನ ಮಣಿಕಟ್ಟು ಹಿಡಿದಳು. ಎದೆ ತುಂಬ ಉಸಿರೆಳೆದುಕೊಂಡಳು, ಸ್ವಲ್ಪ ಹೊತ್ತು ತಡೆದಳು.

"ಇದೆ," ಎಂದಳು. "ಅವಳದ್ದೇ."

ಆ ಮಾತನ್ನು ಅವನಷ್ಟು ಸಲ ಹೇಳಿದವರು ಯಾರೂ ಇರಲಿಲ್ಲ. ಅವನು ಅವಳ ಮುಖ ನೋಡಿದ, ತಲೆಯಾಡಿಸಿದ, ಹೋಗಿ ತಟ್ಟೆಗಳನ್ನು ತಂದಿಟ್ಟ.

ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿದು ಕೂತ, ಅಭ್ಯಾಸವಿಲ್ಲದೆ ಅರ್ಧ ಚೆಲ್ಲಿಕೊಂಡ. ಅವಳು ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿದಳು, ತಟ್ಟೆಯ ಪಕ್ಕದಲ್ಲಿ ಅಂಗೈ ಮೇಲಾಗಿ ಇಟ್ಟಿದ್ದ ಅವನ ಬಲಗೈಗೆ ನೀರು ತಾಗದ ಹಾಗೆ.