ತಿರುಗಿ ನೋಡುವ ಹುಡುಗ

ಅಷ್ಟು ದೊಡ್ಡ ಗೋಡೆ ಚಿತ್ರಗಾರ್ತಿಗೆ ಅದುವರೆಗೆ ಸಿಕ್ಕಿರಲಿಲ್ಲ. ಆಸರೆಯಿಲ್ಲದ ಮಕ್ಕಳ ಮನೆಯ ಊಟದ ಕೋಣೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ, ಕಿಟಕಿ ಬಾಗಿಲು ಏನೂ ಅಡ್ಡ ಬಾರದ ಗೋಡೆ. ಅವಳು ಬರೆದು ಬದುಕಿದ್ದೆಲ್ಲ ಬೇಕರಿಯ ಷಟರು, ಶಿಶುವಿಹಾರದ ಕಾಂಪೌಂಡು, ಆಸ್ಪತ್ರೆಯ ವಾರ್ಡುಗಳಲ್ಲಿ ಸ್ವಿಚ್ಚು ಪೈಪುಗಳು ತಿಂದು ಬಿಟ್ಟ ಜಾಗ. ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪನಿಂದ ಕೈಗೆ ಬಂದ ವಿದ್ಯೆ ಅದು. ನಲವತ್ತು ದಾಟಿದ ಮೇಲೆ ಇಂಥದೊಂದು ಗೋಡೆ ತಾನಾಗಿ ಹುಡುಕಿಕೊಂಡು ಬಂದಿತ್ತು. ಮನೆ ನಡೆಸುವ ಸಮಿತಿಯವರು ಕೇಳಿದ್ದು ಇಷ್ಟೇ: ನೋಡಿದ ಕೂಡಲೇ ಮನಸ್ಸು ಅರಳಬೇಕು.

ಮನಸ್ಸು ಅರಳಿಸುವುದು ಅವಳಿಗೆ ಬಾಯಿಪಾಠವಾಗಿತ್ತು. ನಗುವ ಸೂರ್ಯ, ಕಾಮನಬಿಲ್ಲು, ಬಲೂನು, ಚಿಟ್ಟೆ. ಕಾಗದದ ಮೇಲೆ ಬರೆದು ತಂದು ಮಕ್ಕಳ ಮುಂದೆ ಹರಡಿದಳು. ಮಕ್ಕಳು ಕೈಕಟ್ಟಿ ನಿಂತು ನೋಡಿದರು. ಯಾರು ಏನು ತಂದುಕೊಟ್ಟರೂ ಥ್ಯಾಂಕ್ಸ್ ಹೇಳಬೇಕು ಎಂದು ಕಲಿತ ಮಕ್ಕಳು, ಹೇಳಿದರು. ಮುಂದಿನ ಹಲ್ಲು ಬಿದ್ದ ಒಬ್ಬಳು ಮಾತ್ರ, ದೂರು ಹೇಳುವ ದನಿಯಲ್ಲೇನೂ ಅಲ್ಲ, "ಆಸ್ಪತ್ರೇಲೂ ಇದೇ ಇತ್ತು" ಅಂದಳು. ಪಕ್ಕದವನು "ಕೋರ್ಟಲ್ಲೂ" ಎಂದು ಸೇರಿಸಿದ.

ಚಿತ್ರಗಾರ್ತಿಗೆ ಕೆನ್ನೆಗೆ ಹೊಡೆದಂತಾಯಿತು. ಈ ಮಕ್ಕಳನ್ನು ಕೆಟ್ಟ ದಿನಗಳಲ್ಲಿ ಎಲ್ಲೆಲ್ಲಿ ಕೂರಿಸಿದ್ದರೋ ಅಲ್ಲೆಲ್ಲ ಗೋಡೆಯ ಮೇಲೆ ಒಂದು ಕಾಮನಬಿಲ್ಲು ಇತ್ತು. ಅದರಲ್ಲಿ ಕೆಲವನ್ನು ಅವಳೇ ಬರೆದಿದ್ದಿರಬೇಕು. ಕಾಗದ ಸುತ್ತಿಕೊಂಡು ಎದ್ದಳು.

ಆಮೇಲೆ ಅವಳು ಬಣ್ಣದ ಡಬ್ಬ ಮುಚ್ಚಿಟ್ಟು ಬರೀ ಪೆನ್ಸಿಲು ಹಿಡಿದು ಬರತೊಡಗಿದಳು. ಮಕ್ಕಳು ಆಡುವಲ್ಲಿ, ಬಟ್ಟೆ ಮಡಚುವಲ್ಲಿ ಕೂತು ಅವರನ್ನೇ ಬರೆದಳು. ಅವಳಿಗೆ 'ಬಣ್ಣದಕ್ಕ' ಎಂದು ಹೆಸರು ಬಿತ್ತು. ಹಾಗೆ ಕೂತಾಗಲೇ ಹೊಳೆದದ್ದು: ಒಂದು ಗುಡ್ಡ, ಗುಡ್ಡಕ್ಕೊಂದು ದಾರಿ, ದಾರಿಯ ಮೇಲೆ ಈ ಮನೆಯ ಮಕ್ಕಳೇ ಸಾಲಾಗಿ ಹತ್ತಿ ಹೋಗುತ್ತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಅವರು ಕೇಳಿದ ವಸ್ತು. ಒಬ್ಬನಿಗೆ ಏಣಿ ಬೇಕಂತೆ. ಇನ್ನೊಬ್ಬನಿಗೆ ಆಡು, ಅದೂ ಹೆಗಲ ಮೇಲೆ. ಹಲ್ಲು ಬಿದ್ದವಳು ಬಹಳ ಯೋಚಿಸಿ, ತನಗೊಬ್ಬಳಿಗೇ ಅಂತ ಒಂದು ಮಂಚ ಬೇಕು, ತಾನೇ ಹೊತ್ತುಕೊಳ್ಳುತ್ತೇನೆ ಎಂದಳು.

ಈ ಯೋಚನೆಗೆ ಬೇಡ ಎಂದವರು ಒಬ್ಬರೇ, ಮನೆ ನೋಡಿಕೊಳ್ಳುವ ದೊಡ್ಡಮ್ಮ. ಸಮಿತಿಯವರೂ ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಬೇಸಿನ್ನಿನಲ್ಲಿ ಕೈ ತೊಳೆಯುತ್ತಲೇ ಅವರು ಹೇಳಿದರು:

"ಮರ ಬರಿ, ಹಕ್ಕಿ ಬರಿ, ಬೇಕಾದ್ರೆ ಆನೆ ಬರಿ. ಮಕ್ಕಳ ಮುಖ ಮಾತ್ರ ಬೇಡಮ್ಮ. ಇಲ್ಲಿ ಮಕ್ಕಳು ಬರ್ತಾರೆ, ಹೋಗ್ತಾರೆ. ಗೋಡೆ ಎಲ್ಲಿಗೂ ಹೋಗಲ್ಲ."

ವರ್ಷಗಟ್ಟಲೆ ಒಂದೇ ಕೆಲಸ ಮಾಡಿ ಈಕೆಯ ಮನಸ್ಸು ಬತ್ತಿಹೋಗಿದೆ ಎಂದು ಚಿತ್ರಗಾರ್ತಿ ಅಂದುಕೊಂಡಳು. ಅವರನ್ನು ದಾಟಿ ಸೀದಾ ಸಮಿತಿಯ ಮುಂದೆ ಹೋದಳು. ಸಮಿತಿಗೆ ಖುಷಿಯೋ ಖುಷಿ. ದೊಡ್ಡಮ್ಮ ಹೇಳಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ಅವರು ಮತ್ತೆ ಆ ಮಾತೆತ್ತಲಿಲ್ಲ.

ಸಾಲಿನಲ್ಲಿ ಅವಳಿಗೆ ಹೆಚ್ಚು ಕಾಟ ಕೊಟ್ಟವನು ಬುಗುರಿ. ನಾಲ್ಕು ತುಂಬಿತ್ತೋ ಇಲ್ಲವೋ. ಒಂದು ಕಡೆ ನಿಂತವನಲ್ಲ, ಅದಕ್ಕೇ ಆ ಹೆಸರು. ಅವನಿಗೊಬ್ಬಳು ಅಕ್ಕ, ಹತ್ತು ವರ್ಷದವಳು. ಅವಳಿಗೂ ಒಂದು ಹೆಸರಿತ್ತು, ಆದರೆ ಎಲ್ಲರ ಬಾಯಲ್ಲೂ ಅವಳು 'ಬುಗುರಿ ಅಕ್ಕ'. ಇವನು ಓಡುವುದು, ಅವಳು ಹಿಂದೆ ಹೋಗುವುದು, ದಿನವೆಲ್ಲ ಇದೇ. ಎಷ್ಟು ಜೋರಾಗಿ ಓಡಲಿ, ನಾಲ್ಕು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ಅಕ್ಕ ಇದ್ದಾಳೆಯೇ ಎಂದು ನೋಡುವನು. ಅವಳು ಎಲ್ಲಿದ್ದರೂ "ಬಂದೆ, ನಡಿ" ಅನ್ನುವಳು. ಆಗ ಮತ್ತೆ ಓಟ. ಚಿತ್ರಗಾರ್ತಿ ಕೊನೆಗೂ ಅವನನ್ನು ಹಿಡಿದದ್ದು ಆ ಗಳಿಗೆಯಲ್ಲಿ. ಕಾಲು ಗುಡ್ಡದ ಕಡೆ, ಮುಖ ಹಿಂದೆ. ಎರಡು ಹೆಜ್ಜೆ ಕೆಳಗೆ ಅಕ್ಕ. ಅವನ ಕಣ್ಣಲ್ಲಿ ಅರ್ಧ ನಗು, ಅರ್ಧ ಅನುಮಾನ. ಅದಕ್ಕಿಂತ ಒಳ್ಳೆಯ ಮುಖ ತಾನು ಜನ್ಮದಲ್ಲಿ ಬರೆದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಗೋಡೆ ನೋಡಲು ಬಂದವರೆಲ್ಲ ಆ ಮುಖದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ವರ್ಷ ತಿರುಗುವ ಮೊದಲೇ ದೊಡ್ಡಮ್ಮನ ಫೋನು ಬಂತು. "ಬಣ್ಣ ತಗೊಂಡು ಬಾ" ಅಂದರು. "ಒಂದು ಮುಖ ಮುಚ್ಚಬೇಕು."

ಅವಳು ಹೋದಾಗ ದೊಡ್ಡಮ್ಮ ತಮ್ಮ ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ನಡೆದದ್ದನ್ನು ಹೇಳಿದರು. ಬುಗುರಿಯನ್ನು ಮಗನಾಗಿ ಕೇಳಿಕೊಂಡು ಒಂದು ಜೋಡಿ ಬಂದಿತ್ತು. ಒಳ್ಳೆಯ ಜನ. ಅಕ್ಕ ಇದ್ದಾಳೆ ಎಂದಾಗ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇವೆ ಎಂದರು. ಆದರೆ ಇಬ್ಬರಿಗೂ ತಾಯಿ ಒಬ್ಬಳೇ, ಅವಳು ತೀರಿಹೋಗಿದ್ದಳು; ತಂದೆ ಬೇರೆ. ಬುಗುರಿಗೆ ಯಾರೂ ಇಲ್ಲ. ಅಕ್ಕನ ತಂದೆ ಬದುಕಿದ್ದಾನೆ. ಬೇರೆ ಸಂಸಾರ ಕಟ್ಟಿಕೊಂಡಿದ್ದಾನೆ. ಮಗಳನ್ನು ಕರೆದುಕೊಂಡೂ ಹೋಗುವುದಿಲ್ಲ, ಬಿಟ್ಟುಕೊಡುತ್ತೇನೆ ಎಂದು ಸಹಿಯನ್ನೂ ಹಾಕುವುದಿಲ್ಲ. ತಾನೂ ತಿನ್ನ, ಪರರಿಗೂ ಕೊಡ. ದೊಡ್ಡಮ್ಮ ಅವನ ಬಾಗಿಲಿಗೆ ಅಲೆದು ಚಪ್ಪಲಿ ಸವೆಸಿದ್ದೇ ಬಂತು. ಕೊನೆಗೆ ಕೋರ್ಟು, ಚಿಕ್ಕವನು ಹೋಗಬಹುದು ಎಂದಿತು. ಕಳಿಸುವುದೋ ಬಿಡುವುದೋ ದೊಡ್ಡಮ್ಮನ ಕೈಯಲ್ಲಿತ್ತು.

"ಒಬ್ಬರಾದ್ರೂ ದಡ ಸೇರಲಿ ಅಂದ್ಕೊಂಡೆ" ಅಂದರು ಅವರು. "ಅವಳನ್ನೇ ಕೂರಿಸಿಕೊಂಡು ಕೇಳಿದೆ. ಕೇಳಬಾರದಿತ್ತೇನೋ. ಅವಳು ಕೇಳಿದ್ದು ಒಂದೇ ಮಾತು, ಅವರ ಮನೇಲಿ ಮೆಟ್ಟಿಲಿದೆಯಾ, ಅವನು ಬೀಳ್ತಾನೆ ಅಂತ. ಇಲ್ಲ ಅಂದೆ. ಹಾಗಾದ್ರೆ ಹೋಗ್ಲಿ ಅಂದ್ಲು."

ಹೋಗುವ ದಿನ ಅವನು ಹೊಸ ಬೂಟು ಹಾಕಿಕೊಂಡು ಗೇಟಿನವರೆಗೆ ಓಡಿದನಂತೆ. ಅಭ್ಯಾಸದಂತೆ ತಿರುಗಿ ನೋಡಿದನಂತೆ. ಅವಳು ಅಭ್ಯಾಸದಂತೆ "ಬಂದೆ, ನಡಿ" ಅಂದಳಂತೆ. ಕಾರು ಹೋಯಿತು. ಆಮೇಲೆ ಮಕ್ಕಳಿಗೆ ಅವಳನ್ನು ಏನಂತ ಕರೆಯಬೇಕೋ ತಿಳಿಯಲಿಲ್ಲ. ಸ್ವಲ್ಪ ದಿನ ಅವಳು ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂತಳು. ಬರುಬರುತ್ತಾ ತಟ್ಟೆ ಹಿಡಿದು ಹೊರಗೆ ಜಗುಲಿಗೆ ಹೋದಳು. ಈಗ ತಟ್ಟೆಯನ್ನೇ ಮುಟ್ಟುತ್ತಿಲ್ಲ.

ಚಿತ್ರಗಾರ್ತಿಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು, ನಿಮ್ಮ ಮಾತು ಕೇಳಬೇಕಿತ್ತು ಎಂದಳು. ದೊಡ್ಡಮ್ಮ ಅದನ್ನು ಹಿಡಿದುಕೊಂಡು ಎಳೆಯಲಿಲ್ಲ. "ನಿನ್ನ ಗೋಡೆ ಅವನನ್ನ ಕಳಿಸಲಿಲ್ಲ, ಕಳಿಸಿದ್ದು ನಾನು" ಎಂದಷ್ಟೇ ಹೇಳಿ, ಆ ಗೋಡೆಯ ಕಡೆ ತಾವೂ ಕಣ್ಣು ಹಾಯಿಸಿ ಬಹಳ ದಿನವಾಯಿತು ಎಂದರು.

ಊಟದ ಕೋಣೆ ಖಾಲಿಯಿತ್ತು. ಬೆಂಚುಗಳನ್ನು ಒರೆಸಿ ಒಂದರ ಮೇಲೊಂದು ಏರಿಸಿದ್ದರು. ಚಿತ್ರಗಾರ್ತಿ ಸ್ಟೂಲು ಎಳೆದುಕೊಂಡು ಗುಡ್ಡದ ಹಸಿರು ಕಲೆಸಿದಳು. ಮುಖವೊಂದನ್ನೇ ಮುಚ್ಚಿದರೆ ಮುಂಡ ಉಳಿಯುತ್ತದೆ, ಹುಡುಗನನ್ನು ಇಡಿಯಾಗಿ ತೆಗೆಯಬೇಕು; ಅವನಿದ್ದಲ್ಲಿ ಒಂದು ಪೊದೆ ಬರೆದರೆ ಸರಿಹೋದೀತು. ಬ್ರಷ್ಷು ಅದ್ದಿದಳು. ಕೈ ಮೇಲೇಳಲಿಲ್ಲ. ಮಗುವಿನ ಮುಖಕ್ಕೆ ಮಣ್ಣು ಎಳೆದ ಹಾಗೆ ಅನಿಸಿತು.

"ಅಳಿಸ್ತೀರಾ?"

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಮುಖ ಇಳಿದುಹೋಗಿತ್ತು, ಕೊರಳ ಮೂಳೆ ಕಾಣುತ್ತಿತ್ತು. ದೊಡ್ಡಮ್ಮ ಹೇಳಿದ್ದಾರೆ ಎಂದು ಚಿತ್ರಗಾರ್ತಿ ತಡವರಿಸಿದಳು. ನಿನಗೆ ಬೇಜಾರಾಗುತ್ತದಲ್ಲ, ಅದಕ್ಕೆ.

"ಅಳಿಸಬೇಡಿ. ಅಳಿಸಿದ್ರೆ ಎಲ್ಲಿ ಹೋದ ಅಂತ ಹುಡುಕ್ತೀನಿ."

"ಮತ್ತೆ ಏನು ಮಾಡ್ಲಿ, ಹೇಳು ಮಗಾ."

ಅವಳು ಒಳಗೆ ಬಂದು, ಗೋಡೆಯನ್ನು ನೇರ ನೋಡದೆ, ಬೆಂಚುಗಳ ಪಕ್ಕ ನಿಂತಳು.

"ಅವನು ಅಲ್ಲೇ ನಿಂತಿದಾನಲ್ಲ, ಬಣ್ಣದಕ್ಕ" ಅಂದಳು. "ನಾನು ಬಂದೆ ಅಂದಿದ್ದೆ. ಅದಕ್ಕೇ ಕಾಯ್ತಾ ಇದಾನೆ. ದಿನಾ ಊಟಕ್ಕೆ ಬಂದಾಗೆಲ್ಲ ಕಾಯ್ತಾ ಇರ್ತಾನೆ. ನಾನು ಬರಲ್ಲ ಅಂತ ಅವನಿಗೆ ಗೊತ್ತಿಲ್ಲ. ಅವನ ತಲೆ ಮುಂದಕ್ಕೆ ತಿರುಗಿಸಿಬಿಡಿ. ಅವನು ಹೋಗ್ಲಿ."

ಚಿತ್ರಗಾರ್ತಿ ಗೋಡೆಯ ಕಡೆ ತಿರುಗಿ ಕೆಲಸ ಶುರು ಮಾಡಿದಳು. ಮೊದಲು ಕಣ್ಣುಗಳಿಗೆ ಬಣ್ಣ ಕೊಟ್ಟಳು. ಅರ್ಧ ನಗು, ಅರ್ಧ ಅನುಮಾನ, ಎರಡೂ ಕಂದು ಬಣ್ಣದಡಿ ಹೋದವು. ಕೆನ್ನೆ ಇದ್ದಲ್ಲಿ ಕಿವಿ ಬಂತು, ಗಲ್ಲ ಇದ್ದಲ್ಲಿ ಕತ್ತಿನ ಹಿಂಭಾಗ. ಮೇಲೆ ಕೂದಲು ಎಳೆಯುವಾಗ ಕೈ ತಡೆಯಿತು. ಅವಳು ಆ ಹುಡುಗನನ್ನು ಎಷ್ಟೋ ಸಲ ಬರೆದಿದ್ದಳು, ಆದರೆ ಅವನ ಬೆನ್ನ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ.

ಕೇಳಬೇಕಾಗಿ ಬರಲಿಲ್ಲ. ಹುಡುಗಿ ಯಾವಾಗಲೋ ಹತ್ತಿರ ಬಂದು ನಿಂತಿದ್ದಳು.

"ಅವನಿಗೆ ಎರಡು ಸುಳಿ" ಅಂದಳು. "ಇಲ್ಲೊಂದು, ಇಲ್ಲೊಂದು." ಹಸಿ ಬಣ್ಣಕ್ಕೆ ತಾಗದ ಹಾಗೆ ಬೆರಳು ಹಿಡಿದು ತೋರಿಸಿದಳು. "ಮಧ್ಯದ ಕೂದಲು ಎಷ್ಟು ಬಾಚಿದ್ರೂ ಕೂರಲ್ಲ. ನೀರು ಹಚ್ಚಿದ್ರೂ ಎದ್ದು ನಿಲ್ಲುತ್ತೆ."

ಚಿತ್ರಗಾರ್ತಿ ಹಾಗೇ ಬರೆದಳು. ಹುಡುಗಿ ಆ ಸುಳಿ ಇನ್ನೂ ಸ್ವಲ್ಪ ಎಡಕ್ಕೆ ಎಂದಳು, ಇವಳು ಎಡಕ್ಕೆ ಸರಿಸಿದಳು. ಕಾಲರಿನ ಹತ್ತಿರ ಕೂದಲು ಇಷ್ಟು ಉದ್ದ ಬಿಡುತ್ತಿರಲಿಲ್ಲ ಎಂದಳು, ಇವಳು ಗಿಡ್ಡ ಮಾಡಿದಳು. ಮುಗಿಯುವ ಹೊತ್ತಿಗೆ ಹುಡುಗಿಯ ಕಣ್ಣಿಂದ ನೀರು ಧಾರೆ ಕಟ್ಟಿ ಇಳಿಯುತ್ತಿತ್ತು. ಅವನು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ದೊಡ್ಡಮ್ಮ ಆಮೇಲೆ ಹೇಳಿದರು. ಬಾಗಿಲ ಬಳಿ ನಿಂತಿದ್ದ ಅವರು ಒಳಗೆ ಬಂದು ಹುಡುಗಿಯ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು.

ಆ ಸಂಜೆ ಮನೆಗೆ ಹೋಗಿ ಚಿತ್ರಗಾರ್ತಿ ಕೈ ತೊಳೆಯದೆ ಕೂತುಬಿಟ್ಟಳು. ಅವಳ ಅಮ್ಮ ನೋಡುವಷ್ಟು ನೋಡಿ, ಗೋಡೆಗೆ ಬಣ್ಣ ಬಳಿಯೋಕೆ ಹೋದವಳು ಎದೆಗೆ ಬಳಿಸಿಕೊಂಡು ಬಂದೆಯಲ್ಲ ಎಂದು ಗೊಣಗಿ, ಸೀಮೆಎಣ್ಣೆ ಬಟ್ಟೆ ತಂದು ತಾನೇ ಮಗಳ ಬೆರಳು ಒಂದೊಂದಾಗಿ ಉಜ್ಜಿದಳು.

ಹುಡುಗಿ ಮರುದಿನವೇ ಊಟಕ್ಕೆ ಬಂದಳು ಎಂದರೆ ಸುಳ್ಳಾದೀತು. ಮೊದಲು ಜಗುಲಿಯಲ್ಲಿ ಎರಡು ತುತ್ತು, ಆಮೇಲೆ ಬಾಗಿಲ ಬಳಿಯ ಬೆಂಚು. ಗೋಡೆಯ ಎದುರು ಕೂತು ತಟ್ಟೆ ಖಾಲಿ ಮಾಡಲು ಹಲವು ವಾರ ಹಿಡಿಯಿತು. ನಡುವೆ ಸಮಿತಿಯ ಅಧ್ಯಕ್ಷರು ಬಂದು, ಎಲ್ಲ ಮಕ್ಕಳೂ ನಗುತ್ತಿರುವಾಗ ಒಂದು ಮಗು ಬೆನ್ನು ತೋರಿಸುವುದು ಚೆನ್ನಾಗಿ ಕಾಣುವುದಿಲ್ಲ, ಮೊದಲಿನ ಮುಖವನ್ನೇ ಮತ್ತೆ ಬರೆಸಿ ಎಂದರಂತೆ. ದೊಡ್ಡಮ್ಮ ಆಗುವುದಿಲ್ಲ ಎಂದರಂತೆ. ಕಾರಣ ಕೇಳಿದ್ದಕ್ಕೆ, ಅವನು ಎಲ್ಲಿಗೆ ಹೋಗಬೇಕೋ ಅತ್ತ ನೋಡುತ್ತಿದ್ದಾನೆ, ಬಿಡಿ ಎಂದು ಎದ್ದು ಹೋದರಂತೆ.

ಹುಡುಗಿಯ ತಂದೆ ಕೊನೆಗೂ ಸಹಿ ಹಾಕಿದ. ಆ ಹೊತ್ತಿಗೆ ಅವಳಿಗೆ ಹದಿನಾಲ್ಕು ನಡೆಯುತ್ತಿತ್ತು, ಬುಗುರಿಯ ಹೊಸ ಅಪ್ಪ ಅಮ್ಮ ಕೆಲಸದ ಮೇಲೆ ದೂರದ ದೇಶಕ್ಕೆ ಹೋಗಿದ್ದರು. ಹದಿನಾಲ್ಕರ ಹುಡುಗಿಯನ್ನು ಕೇಳಿಕೊಂಡು ಬೇರೆ ಯಾರೂ ಬರಲಿಲ್ಲ. ಅವಳು ಅಲ್ಲೇ ಬೆಳೆದಳು. ಈಗ ಅವಳನ್ನು ಎಲ್ಲರೂ ಅವಳ ಹೆಸರಿನಿಂದಲೇ ಕರೆಯುತ್ತಾರೆ. ಗೋಡೆಯ ಬುಡಕ್ಕೆ ತೇವ ಹಿಡಿದು ಬಣ್ಣ ಏಳುತ್ತದೆಂದು ಚಿತ್ರಗಾರ್ತಿ ವರ್ಷಕ್ಕೊಮ್ಮೆ ಹೋಗುತ್ತಾಳೆ. ಹುಡುಗಿ ಪುಸ್ತಕ ಹಿಡಿದು ಬೆಂಚಿನ ಮೇಲೆ ಬಂದು ಕೂರುತ್ತಾಳೆ. ನರ್ಸಿಂಗ್ ಓದಬೇಕು, ಅದಕ್ಕೆ ವಿಜ್ಞಾನದಲ್ಲಿ ಎಷ್ಟು ಬರಬೇಕು, ಹೊಸದಾಗಿ ಬಂದ ಮಗು ಹಾಲು ಕುಡಿಯಲು ಎಷ್ಟು ಹಟ ಮಾಡುತ್ತದೆ, ಇಂಥ ಮಾತು. ತಮ್ಮನ ಸುದ್ದಿಯನ್ನು ಅವಳೂ ತೆಗೆಯುವುದಿಲ್ಲ, ಇವಳೂ ಕೆದಕುವುದಿಲ್ಲ. ಕತ್ತಲಾಗುವ ಮೊದಲು ಗಂಟೆ ಬಾರಿಸುತ್ತಾರೆ, ಮಕ್ಕಳು ತಟ್ಟೆ ಹಿಡಿದು ಬರುತ್ತಾರೆ, ಚಿತ್ರಗಾರ್ತಿ ಸ್ಟೂಲು ಸರಿಸಿ ಅವರಿಗೆ ದಾರಿ ಬಿಡುತ್ತಾಳೆ.