ಪರಮಶಿವಯ್ಯನವರ ಕೈಬರಹ

ಪರಮಶಿವಯ್ಯನವರು ರಸ್ತೆಯ ನಡುವೆ ನಡೆದದ್ದನ್ನು ಚಾಮರಾಜಪೇಟೆಯಲ್ಲಿ ಯಾರೂ ಕಂಡವರಿಲ್ಲ. ಕೊರಳವರೆಗೆ ಗುಂಡಿ ಹಾಕಿದ ಅವರ ಕರಿಯ ಕೋಟಿನ ಎಡತೋಳು ಕಾಂಪೌಂಡಿನ ಗೋಡೆಗಳನ್ನು ಸವರಿ ಸವರಿ ಬೆಳ್ಳಗಾಗಿತ್ತು. ಎದುರಿಗೆ ಸೈಕಲ್ಲು ಬಂದರೆ ಅದು ದಾಟುವ ತನಕ ನಿಂತು, ಪೊಲೀಸಿನವನು ಬಂದರೆ ಮಾಡದ ತಪ್ಪಿಗೆ ಮೊದಲೇ ಕೈಮುಗಿದು, ಆಮೇಲೆ ಮುಂದಿನ ಹೆಜ್ಜೆ ಇಡುವವರು ಅವರು. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಕನ್ನಡ ಪಂಡಿತರಾಗಿದ್ದರೂ ಹೆಡ್‌ಮಾಸ್ಟರ ಕೋಣೆಯಿಂದ ಜವಾನ ಬಂದನೆಂದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುವರು. "ಯಾಕಪ್ಪಾ ಬೇಕು ನಮಗೆ?" ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು.

ಇಂಥವರಿಗೆ ಶಾಲೆಯ ಕೈಬರಹದ ಪತ್ರಿಕೆ 'ಚಿಗುರು' ಗಂಟುಬಿದ್ದದ್ದು ಅವರ ಸುಂದರವಾದ ಅಕ್ಷರದ ದೆಸೆಯಿಂದ. ಚರ್ಚಾಕೂಟ, ನಾಟಕ, ಸ್ಕೌಟು ಎಲ್ಲವೂ ಗಲಾಟೆಯ ಬಾಬತ್ತು, ಇದೊಂದು ನಿರಪಾಯ ಎಂದು ಅವರೂ ಒಪ್ಪಿಕೊಂಡಿದ್ದರು. ತಿಂಗಳಿಗೆ ಒಂದೇ ಪ್ರತಿ. ಹುಡುಗರು ಕೊಟ್ಟದ್ದನ್ನೆಲ್ಲ ತಾವೇ ತಿದ್ದಿ, ತಮ್ಮ ಕೈಯಿಂದಲೇ ನಕಲು ಮಾಡಿ ವಾಚನಾಲಯದ ಮೇಜಿನ ಮೇಲೆ ಇಡುವರು. ನಾಳೆ ಏನಾದರೂ ಬಂದೀತೆಂದು ಹುಡುಗರ ಹೆಸರು ಹಾಕದೆ ಕಾವ್ಯನಾಮ ಕೊಡುವರು, ಮೂಲ ಹಾಳೆಗಳನ್ನು ಬಚ್ಚಲೊಲೆಗೆ ಹಾಕಿಬಿಡುವರು. ಈ ಅತಿ ಎಚ್ಚರಿಕೆಯೇ ಕೊನೆಗೆ ಅವರನ್ನು ಸಿಕ್ಕಿಸಿತು.

ನಲವತ್ತೇಳರ ಸೆಪ್ಟೆಂಬರು. ಮಹಾರಾಜರು ಜನರ ಜವಾಬ್ದಾರಿ ಸರ್ಕಾರ ಕೊಡಬೇಕೆಂದು ಸಂಸ್ಥಾನದ ತುಂಬ ಚಳವಳಿ ಎದ್ದಿತ್ತು. ಅಕ್ಕಿಪೇಟೆಯಿಂದ ಬರುತ್ತಿದ್ದ ಮುನಿಸ್ವಾಮಿ ಎಂಬ ಹುಡುಗ ಎರಡು ಹಾಳೆ ತಂದುಕೊಟ್ಟ. ಚಿಕ್ಕಪೇಟೆಯ ಮೆರವಣಿಗೆಯಲ್ಲಿ ಲಾಠಿಯ ಏಟಿಗೆ ಬುಟ್ಟಿ ಚೆಲ್ಲಿ, ಮುದುಕಿಯೊಬ್ಬಳು ಬೂಟುಗಾಲುಗಳ ನಡುವೆ ಕನಕಾಂಬರ ಆಯ್ದುಕೊಂಡದ್ದನ್ನು ಬರೆದಿದ್ದ.

"ಹಾಕ್ತೀರಾ ಸಾರ್?"

"ಯಾಕಪ್ಪಾ ಬೇಕು ನಮಗೆ? ತಗೊಂಡ್ಹೋಗು."

ಹುಡುಗ ಮೆಟ್ಟಿಲಿಳಿಯುವಷ್ಟರಲ್ಲಿ ಅವರೇ ಕೂಗಿ ಕರೆದರು. ಜೀವಮಾನದಲ್ಲಿ ಅವರ ಹೆದರಿಕೆಯನ್ನು ಮೀರಿದ್ದು ಒಂದೇ, ಒಳ್ಳೆಯ ಗದ್ಯದ ಮೇಲಿನ ಆಸೆ. ಆ ರಾತ್ರಿ ನಕಲು ಮಾಡುವಾಗ ಒಂದಕ್ಷರವನ್ನೂ ತಿದ್ದಲು ಮನಸ್ಸು ಬರಲಿಲ್ಲ.

ಎಂಟೇ ದಿನಕ್ಕೆ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಹೆಡ್‌ಮಾಸ್ಟರ ಕೋಣೆಯ ಮೇಜಿನ ಮೇಲೆ ಪತ್ರಿಕೆ ಅವರ ಮುಂದೆ ಬಿಚ್ಚಿಕೊಂಡಿತ್ತು. ಅಕ್ಷರವೆಲ್ಲ ಪಂಡಿತರದು, ಲೇಖನ ಕೊಟ್ಟ ಹುಡುಗ ಯಾರೆಂದು ಹೇಳಿದರೆ ಸಾಕು. ಅವನ ಹೆಸರನ್ನು ಶಾಲೆಯಿಂದ ಹೊಡೆದುಹಾಕಿ, ಇನ್ನೆಲ್ಲೂ ಸೇರದಂತೆ ಮಾಡಿ ವಿಷಯ ಮುಗಿಸುವುದು ಎಂಬುದು ಇನ್ಸ್‌ಪೆಕ್ಟರ ಮಾತು.

"ಹೇಳ್ಬಿಡಿ ಪಂಡಿತ್ರೇ, ಒಂದು ಹೆಸರು ತಾನೆ?" ಎಂದರು ಹೆಡ್‌ಮಾಸ್ಟರು, ಕೊಂಚ ಕನಿಕರದಿಂದಲೇ.

ಕಿಟಕಿಯಾಚೆ ಡ್ರಿಲ್ ನಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಮುನಿಸ್ವಾಮಿ; ಮೋರೆ ಬಿಳಿಚಿಕೊಂಡು ಇತ್ತಲೇ ನೋಡುತ್ತಿದ್ದ. ಪರಮಶಿವಯ್ಯನವರು ಮೋರೆ ತಿರುಗಿಸಿ ಮೇಜಿನತ್ತ ನೋಡಿದರು. ಕೆಲಸ ಹೋದೀತು, ಜೈಲಾದೀತು, ಮನೆ ಬೀದಿಗೆ ಬಿದ್ದೀತು. ಹದಿನೆಂಟು ವರ್ಷ ಅವರು ಹೆದರಿದ್ದೆಲ್ಲವೂ ಒಟ್ಟಾಗಿ ಆ ಮೇಜಿನಾಚೆ ಬಂದು ಕೂತಿತ್ತು. ಬೆರಳು ತಾನಾಗಿ ಎಲ್ಲಿ ಕಿಟಕಿಯತ್ತ ಎದ್ದುಬಿಡುತ್ತದೋ ಎಂದು ಎರಡು ಕೈಗಳನ್ನೂ ಕೋಟಿನ ಜೇಬಿಗೆ ತುರುಕಿಕೊಂಡರು.

"ಹುಡುಗರ ಕೈಲಿ ಇಂಥ ಗದ್ಯ ಬರೋಲ್ಲ ಸ್ವಾಮಿ," ಎಂದರು. ದನಿ ಒಡೆದಿತ್ತು. "ನಾನೇ ಬರ್ದಿದ್ದು."

ದೂರದ ತಾಲ್ಲೂಕಿನ ಮಿಡಲ್ ಸ್ಕೂಲಿಗೆ, ಸಂಬಳ ಇಳಿಸಿ, ವರ್ಗವಾಯಿತು. ಚಳವಳಿ ಗೆದ್ದಮೇಲೂ ಆ ಹುಕುಮನ್ನು ಯಾರೂ ರದ್ದು ಮಾಡಲಿಲ್ಲ. ಅರ್ಜಿ ಹಾಕಲು ಅವರಿಗೆ ಧೈರ್ಯವಿರಲಿಲ್ಲ.

ಲೋಕ ಇಂಥವರನ್ನು ಪುಕ್ಕಲರೆಂದು ನಗುತ್ತದೆ, ನಗುವುದು ಸಹಜವೇ. ಆದರೆ ಎದೆಗಾರರಿಗೆ ಭಯವೆಂದರೆ ಎಂದೋ ಒಮ್ಮೆ ಬಂದುಹೋಗುವ ಜ್ವರ. ಅದರೊಡನೆಯೇ ಸಂಸಾರ ಮಾಡಿದವರಿಗೆ ಮಾತ್ರ ಅದು ಮನುಷ್ಯನನ್ನು ದಿನದಿನವೂ ಎಷ್ಟೆಷ್ಟು ತಿನ್ನುತ್ತದೆಂದು ಗೊತ್ತು. ಅಂಥದ್ದನ್ನು ಹದಿನೈದು ವರ್ಷದ ಹುಡುಗನೊಬ್ಬನಿಗೆ ದಾಟಿಸಿಬಿಡಲು ಅವರಿಗೆ ಭಯವಾಗುತ್ತದೆ.